ಅಂಬಣ್ಣ ಮೇಜರ್‌ನ ಫ್ಲೆಕ್ಸ್

ಅಂಜನಾಬಾಯಿ ರಸ್ತೆಯ ನಟ್ಟನಡುವೆ ನಿಂತು ಅಳುತ್ತಿದ್ದಳು. ತಲೆಯ ಮೇಲೆ ಮೆಂತ್ಯೆ ಸೊಪ್ಪಿನ ಬುಟ್ಟಿ, ಬಾಯಿಗೆ ಸೆರಗು. ಹಿಂದೆ ಒಂದು ಟೆಂಪೋ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು.

ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಸೀಮಾ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಓಡಿಬಂದಳು.

"ಹ್ವಾದ್ನಲ್ಲೇ ಪೋರಿ, ನಿಮ್ಮಜ್ಜ ಹ್ವಾದ್ನಲ್ಲ!" ಅಂಜನಾಬಾಯಿ ಅವಳನ್ನು ತಬ್ಬಿಕೊಂಡಳು. "ನಿನ್ನಿ ಸಂಜಿಗಿ ನನಗ ಬೈದಿದ್ದ. ಎಷ್ಟು ಜೋರ್‌ಲೇ ಬೈದಿದ್ದ! ಅಂಥಾ ಮನಷಾ ಇವತ್ತ ಇಲ್ಲ ಅಂದ್ರ..."

ಸೀಮಾಳ ಬಾಯಿ ತುಂಬ ನೊರೆ. ಮಾತಾಡಲು ಆಗಲಿಲ್ಲ. ಅಂಜನಾಬಾಯಿ ಬೆರಳು ಮಾಡಿದ ಕಡೆ ನೋಡಿದಳು.

ಬಸ್ ಸ್ಟಾಪಿನ ಪಕ್ಕದಲ್ಲಿ, ಎತ್ತರದ ಬಿದಿರುಗಳಿಗೆ ಕಟ್ಟಿದ ದೊಡ್ಡ ಫ್ಲೆಕ್ಸ್. ಅದರಲ್ಲಿ ಫೌಜಿನ ಡ್ರೆಸ್ ಹಾಕಿಕೊಂಡ ಹರೆಯದ ಅಜ್ಜ. ಸುತ್ತ ಚೆಂಡು ಹೂವಿನ ಮಾಲೆ. ಕೆಳಗೆ ಉರಿಯುವ ದೀಪ, ಮುಗಿದ ಎರಡು ಕೈ, ಕೆಂಪು ಪಟ್ಟಿಯ ಮೇಲೆ 'ಅಂಬಣ್ಣ' ಎಂಬ ಹೆಸರು. ಮೇಲೆ ಮರಾಠಿಯ ದಪ್ಪ ಅಕ್ಷರಗಳಲ್ಲಿ, 'ಭಾವಪೂರ್ಣ ಶ್ರದ್ಧಾಂಜಲಿ'.

ಸೀಮಾ ಪೇಸ್ಟನ್ನು ನುಂಗಿಬಿಟ್ಟಳು.

ಅಜ್ಜ ಸತ್ತಿರಲಿಲ್ಲ. ರಸ್ತೆಯ ಈಚೆಗೆ, ತನ್ನ ಪಂಚರ್ ಅಂಗಡಿಯ ಮುಂದೆ ನಿಂತ ಲಾರಿಯ ಕೆಳಗೆ ಮಲಗಿ ಚಕ್ರ ಬಿಚ್ಚುತ್ತಿದ್ದ. ಇವತ್ತು ಅವನಿಗೆ ಎಪ್ಪತ್ತೈದು ತುಂಬಿತ್ತು. ಫ್ಲೆಕ್ಸಿಗೆ ಹೇಳಿದ್ದು ಸೀಮಾನೇ.

ಫೌಜಿನಿಂದ ಬಂದವರೆಲ್ಲ ತುರೋರಿ ಊರಿನವರಿಗೆ ಮೇಜರ್. ಅಂಬಣ್ಣನೂ ಹಾಗೇ ಮೇಜರ್ ಆದವನು. ಎಪ್ಪತ್ತೊಂದನೇ ಇಸವಿಯ ಯುದ್ಧ ನೋಡಿದವನು. ಫೌಜು ಬಿಟ್ಟ ಮೇಲೆ ಹೈವೇ ಪಕ್ಕದಲ್ಲಿ ಅಂಗಡಿ ಹಾಕಿದ. ಯುದ್ಧದ ಮಾತು ಆಡುತ್ತಿರಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಆಡುತ್ತಿದ್ದ. ಅವನ ಹುಟ್ಟುಹಬ್ಬವನ್ನು ಯಾರೂ ಒಮ್ಮೆಯೂ ಮಾಡಿರಲಿಲ್ಲ. ಸರಪಂಚರ ಮಗನಿಗೆ ಫ್ಲೆಕ್ಸ್ ಹಾಕುತ್ತಾರೆ, ಮೊಮ್ಮಗನಿಗೆ ಹಾಕುತ್ತಾರೆ. ಹೋದ ವರ್ಷ ಅವರ ದೇವಣಿ ತಳಿಯ ಹೋರಿಗೂ ಹಾಕಿದ್ದರು. ಅಜ್ಜನಿಗೆ ಯಾಕಿಲ್ಲ? ಸೀಮಾ ಅಪ್ಪನ ಮುಂದೆ ಹಟ ಹಿಡಿದು ಒಪ್ಪಿಸಿದ್ದಳು. ಅಜ್ಜ ತಲೆ ಎತ್ತಿದರೆ ಕಾಣಬೇಕು, ಅಂಗಡಿಯ ಎದುರಿಗೇ ಕಟ್ಟಬೇಕು ಅಂತ ಬೇರೆ ಹೇಳಿದ್ದಳು.

ಎದುರಿಗೇ ಕಟ್ಟಿದ್ದರು.

ಅವಳು ಮನೆಗೆ ಓಡಿ ಅಪ್ಪನ ಮೊಬೈಲ್‌ನಿಂದ ಉಮರ್ಗಾದ ಫ್ಲೆಕ್ಸ್ ಅಂಗಡಿಯ ಸುನಿಲನಿಗೆ ಫೋನ್ ಮಾಡಿದಳು.

"ಸುನಿಲ ಕಾಕಾ, ನಮ್ಮಜ್ಜ ಬದುಕ್ಯಾನ!"

"ಹಾಂ?"

"ಇವತ್ತ ಅವಂದು ವಾಢದಿವಸ. ಹ್ಯಾಪಿ ಬರ್ತ್‌ಡೇ! ನೀವು ಶ್ರದ್ಧಾಂಜಲಿ ಬರ್ದೀರಿ!"

"ಅಲ್ಲವ್ವ, ನೀ ಕಳಿಸಿದ್ದು ಬ್ಲ್ಯಾಕ್ ಆ್ಯಂಡ್ ವ್ಹೈಟ್ ಫೋಟೋ. ಮೆಸೇಜ್‌ನ್ಯಾಗ 'ಅಂಬಣ್ಣ ಅಜ್ಜನ ಫ್ಲೆಕ್ಸ್, ಚಲೋ ಮಾಡ್ರಿ' ಅಂತ ಆಟೇ ಬರ್ದಿ. ಬದುಕಿದ್ದವ್ರು ಗಾಗಲ್ ಹಾಕ್ಕೊಂಡ ಫೋಟೋ ಕಳಸ್ತಾರ. ನಾ ಏನ್ ತಿಳ್ಕೋಬೇಕು?"

"ಈಗ್ಲೇ ಬಂದು ಇಳಸ್ರಿ!"

"ಏಣಿ ಮದಿವಿ ಮಂಟಪದಾಗ ಅದ. ಮಧ್ಯಾಹ್ನಕ್ಕ ಬರ್ತೀನಿ. ಅಲ್ಲೀತನಾ ಅಜ್ಜನ ಕಣ್ಣಿಗಿ ಬೀಳ್ದಂಗ ನೋಡ್ಕೊ."

ಊರಿಗೇ ಕಾಣುವ ಫ್ಲೆಕ್ಸು ಅಜ್ಜನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು ಹೇಗೆ? ಅಜ್ಜನಿಗೆ ಒಂದೇ ಒಂದು ಒಳ್ಳೆಯ ದಿನ ಮಾಡಬೇಕು ಅಂದುಕೊಂಡು, ಅದೇ ದಿನ ಅವನನ್ನು ಸಾಯಿಸಿದ್ದಳು.

ಅವಳು ಅಂಗಡಿಗೆ ಬರುವಷ್ಟರಲ್ಲಿ ಅಂಜನಾಬಾಯಿ ಒಂದು ಹಳೆಯ ಟೈರಿನ ಮೇಲೆ ಕುಳಿತಿದ್ದಳು. ಅವಳ ಪಕ್ಕದಲ್ಲಿ ರಿಟೈರ್ ಆದ ಬಸ್ ಕಂಡಕ್ಟರ್ ನಾಗನಾಥ, ಕೈಯಲ್ಲಿ ಹೂವಿನ ಹಾರ. ಸುತ್ತ ಇನ್ನೂ ನಾಲ್ಕಾರು ಜನ. ಲಾರಿ ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಲಾರಿಯ ಕೆಳಗಿದ್ದ ಅಜ್ಜ ಯಾರಿಗೂ ಕಂಡಿರಲಿಲ್ಲ.

ಸೀಮಾ ಬಗ್ಗಿ ಲಾರಿಯ ಕೆಳಗೆ ನುಸುಳಿದಳು.

"ಯಾರ್ ಸತ್ತಾರ?" ಅಜ್ಜ ಪಿಸುಗುಟ್ಟಿದ.

"ಯಾರೂ ಇಲ್ಲ ಅಜ್ಜಾ."

"ಸುಳ್ಳ ಹೇಳಬ್ಯಾಡ. ಮೇಜರ್ ಸತ್ತ ಅನ್ಲತ್ತಾರ. ನನ್ನ ಬಿಟ್ಟು ಈ ಊರಾಗ ಮತ್ತ್ಯಾವ ಮೇಜರ್ ಇದ್ದಾನ?"

ಅವನು ಎರಡು ಚಕ್ರಗಳ ನಡುವಿನಿಂದ ರಸ್ತೆಯ ಆಚೆ ನೋಡಿದ. ಫ್ಲೆಕ್ಸ್ ಪೂರ್ತಿ ಕಾಣುತ್ತಿತ್ತು. ಅವನು ನಿಧಾನವಾಗಿ ಓದುವುದನ್ನು ಸೀಮಾ ನೋಡಿದಳು. ಆಮೇಲೆ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಈಗ ಬೈಗುಳ ಬರುತ್ತದೆ. ಈಗ ಬಂತು.

ಬೈಗುಳ ಬರಲಿಲ್ಲ. ಗ್ರೀಸ್ ವಾಸನೆಯ ಕೈ ಅವಳ ಬಾಯಿ ಮುಚ್ಚಿತು.

"ಶ್! ಸುಮ್ಮ ಮಲ್ಕೊ. ಏನೇನ್ ಅಂತಾರ ಕೇಳೂಣು."

ಅಂಜನಾಬಾಯಿ ಮೂಗು ಒರೆಸಿಕೊಂಡು ಹೇಳುತ್ತಿದ್ದಳು. "ಬಾಯಿ ಕೆಟ್ಟದು, ಖರೆ ಮಾತು. ಸತ್ತಾನಂತ ಸುಳ್ಳ ಹೇಳಬಾರ್ದು. ಆದ್ರ ನನ್ನ ಮಗಳ ಸೈಕಲ್ ಪಂಚರಿಗಿ ಒಮ್ಮಿನೂ ರೊಕ್ಕ ತಗೊಳ್ಲಿಲ್ಲ. 'ರೊಕ್ಕ ಬ್ಯಾಡ, ಸಾಲಿ ತಪ್ಪಿಸಿದ್ರ ಕಾಲ್ ಮುರೀತೀನಿ' ಅಂತಿದ್ದ. ಸಾಲಿಗಿ ಹೋಗೋ ಪೋರಿಗೋಳಿಗಿ ಎಲ್ಲಾರಿಗೂ ಹಂಗೇ ಅಂತಿದ್ದ."

"ಖರೆ," ಎಂದು ಅಜ್ಜ ಕೆಳಗೆ ತಲೆ ಆಡಿಸಿದ.

"ನಮ್ಮ ಬಸ್ಸು ಒಮ್ಮಿ ಮಳ್ಯಾಗ ನಿಂತಿತ್ತು," ಎಂದ ನಾಗನಾಥ. "ಬಸ್ಸಿನ ತುಂಬ ಜನ. ಫೋನ್ ಮಾಡಿದ್ದೇ ತಡ, ಮೇಜರ್ ಬೈಕೋತ ಬಂದ, ಬೈಕೋತ ಟೈರ್ ಬದಲಿ ಮಾಡ್ದ, ಬೈಕೋತ ಹ್ವಾದ. ಪ್ಯಾಸೆಂಜರ್ ಎಲ್ಲಾ ಚಪ್ಪಾಳಿ ಹೊಡದ್ರು. ಚಪ್ಪಾಳಿ ಹೊಡದವ್ರಿಗೂ ಬೈದ."

ಎಲ್ಲರೂ ನಕ್ಕರು. ನಕ್ಕು, ಸತ್ತವರ ಮನೆ ಎಂದು ನೆನಪಾಗಿ ಸುಮ್ಮನಾದರು. ಸೀಮಾ ಅಜ್ಜನ ಕಡೆ ನೋಡಿದಳು. ಅವನ ಮುಖದ ತುಂಬ ಎಣ್ಣೆಯ ಮಸಿ. ಅದರ ನಡುವೆ ಹಲ್ಲು ಕಾಣುತ್ತಿದ್ದವು.

"ಮತ್ತ ಯುದ್ಧದಾಗ?" ನಾಗನಾಥ ದನಿ ಏರಿಸಿದ. "ಒಬ್ಬನೇ ಮುಂದ ಹೋಗಿ ಏಳು ಟ್ಯಾಂಕ್ ಉಡಾಯ್ಸಿದ್ದ!"

"ಹನ್ನೊಂದಂತ ಕೇಳೀನಿ," ಎಂದ ಹಿಂದಿನಿಂದ ಯಾರೋ ಒಬ್ಬ.

"ಸುಳ್ಳು!"

ಲಾರಿ ಮಾತಾಡಿದಂತೆ ಇತ್ತು. ಅದರ ಕೆಳಗಿನಿಂದ ಮೊದಲು ಎರಡು ಕಾಲು ಬಂದವು, ಆಮೇಲೆ ಹೊಟ್ಟೆ, ಆಮೇಲೆ ಚಕ್ರ ಬಿಚ್ಚುವ ಪಾನಾ ಹಿಡಿದ ಕೈ, ಕೊನೆಗೆ ಕಪ್ಪು ಮುಖ.

ಅಂಜನಾಬಾಯಿ ಕಿಟಾರನೆ ಚೀರಿದಳು. ಮೆಂತ್ಯೆ ಬುಟ್ಟಿ ಉರುಳಿತು. ನಾಗನಾಥ ಹಾರವನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಟ್ಯಾಂಕ್ ಅಂತ ಟ್ಯಾಂಕ್!" ಅಜ್ಜ ಗುಡುಗಿದ. "ನಾ ಟ್ರಕ್ ಹೊಡೀತಿದ್ದೆ ಲೇ, ಟ್ರಕ್! ಟ್ಯಾಂಕ್ ನೋಡಿದ್ದೇ ಒಮ್ಮಿ. ಅದೂ ನಮ್ದೇ. ಅದಕ್ಕ ಡೀಸೆಲ್ ಕೊಟ್ಟು ಬಂದೀನಿ. ಸತ್ತವನ ಮ್ಯಾಲ ಎಷ್ಟ ಸುಳ್ಳ ಹೇರ್ತೀರಿ?"

ಅಂಜನಾಬಾಯಿ ಎದ್ದು ಬಂದು ಅಜ್ಜನ ತೋಳಿಗೆ ಎರಡು ಪೆಟ್ಟು ಕೊಟ್ಟಳು. "ಮುದಿಯಾ! ನನ್ನ ಕಣ್ಣೀರ್ ವಾಪಸ್ ಕೊಡು!"

ಅಲ್ಲಿಗೆ ಎಲ್ಲರೂ ನಗತೊಡಗಿದರು. ಗಲಾಟೆ ಕೇಳಿ ಅಜ್ಜಿ ಮಾಳವ್ವ ಮನೆಯಿಂದ ಬಂದಳು. ಫ್ಲೆಕ್ಸ್ ನೋಡಿದಳು, ಗಂಡನನ್ನು ನೋಡಿದಳು, ಸೀಮಾಳನ್ನು ನೋಡಿದಳು. ಸೀಮಾ ಅಜ್ಜಿಯ ಸೆರಗು ಹಿಡಿದಳು.

"ಆಯಿ, ನನ್ನ ಕೈಲೇ ತಪ್ಪಾಯ್ತು..."

"ಆಗಲೇಳು. ಬದುಕಿದ್ದವ್ರು ಸತ್ತಾರಂತ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗ್ತದ," ಎಂದು ಮಾಳವ್ವ ಬೀರಪ್ಪನ ಭಂಡಾರ ತಂದು ಅಜ್ಜನ ಹಣೆಗೆ ಬಳಿದಳು. ಎಣ್ಣೆಯ ಮಸಿಯ ಮೇಲೆ ಅರಿಶಿನ ಹತ್ತಿ ಅಜ್ಜ ಹುಲಿಯಂತೆ ಕಂಡ. ಒಂದು ಪಾತ್ರೆ ಶಿರಾ ಬಂತು. ಶ್ರದ್ಧಾಂಜಲಿಗೆ ತಂದ ಹಾರಗಳನ್ನು ನಾಗನಾಥ ಅಜ್ಜನ ಕೊರಳಿಗೆ ಹಾಕಿದ. ಹೆಚ್ಚಾದದ್ದನ್ನು ಗಾಳಿ ತುಂಬುವ ಮಷಿನ್‌ಗೆ ಹಾಕಿದರು. ಫ್ಲೆಕ್ಸಿನ ಫೋಟೋ ಮೊಬೈಲ್‌ಗಳಲ್ಲಿ ಓಡಾಡಿ, ಮಧ್ಯಾಹ್ನದ ತನಕ ಜನ ಬರುತ್ತಲೇ ಇದ್ದರು. ನಿಲಂಗಾದಿಂದ ಬಂದ ಒಬ್ಬರಂತೂ ಬಿಳಿ ಅಂಗಿ ಹಾಕಿಕೊಂಡು ಬಂದು, ಎರಡು ಸಲ ಶಿರಾ ತಿಂದು ಹೋದರು.

ಸುನಿಲ ಏಣಿ ಹೊತ್ತು ಬಂದಾಗ ಹೆದರಿ ಬಿಳುಚಿಕೊಂಡಿದ್ದ.

"ಫೋಟೋ ಚಲೋ ಬಂದದ," ಎಂದ ಅಜ್ಜ. "ಏಣಿ ಇಲ್ಲೇ ಇಟ್ಟು ಹೋಗು. ನಾವೇ ಇಳಸ್ತೀವಿ."

ಸಂಜೆಗೆ ಜನ ಕರಗಿದರು. ಅಜ್ಜ ಟೈರಿನ ಮೇಲೆ ಕುಳಿತು ಫ್ಲೆಕ್ಸ್ ನೋಡುತ್ತಿದ್ದ. ಸೀಮಾ ಪಕ್ಕದಲ್ಲಿ ಬಂದು ನಿಂತಳು.

"ಇಳಸೂಣೇನು ಅಜ್ಜಾ?"

"ತಡಿ."

ಎರಡು ಲಾರಿ ಹೋದವು. ಅಜ್ಜ ಬೈಯಲಿಲ್ಲ, ನಗಲೂ ಇಲ್ಲ.

"ಸಿದ್ಧಾರೂಢ ಅಂತ ಒಬ್ಬಂವ ಇದ್ದ," ಎಂದ. "ಲೋಹಾರಾ ಊರಂವ. ನನ್ನ ಟ್ರಕ್‌ನ್ಯಾಗೇ ಇರ್ತಿದ್ದ. ಭಾಳ ಮಾತಾಡ್ತಿದ್ದ. ಮಲಗಾಕ ಬಿಡ್ತಿದ್ದಿಲ್ಲ."

"ಈಗ ಎಲ್ಲಿದ್ದಾನ?"

"ಅಲ್ಲೇ ಹ್ವಾದ. ಯುದ್ಧದಾಗ."

ಸೀಮಾ ಅವನ ಪಕ್ಕದಲ್ಲಿ ಟೈರಿನ ಮೇಲೆ ಕುಳಿತಳು. "ಅವಂದು ಫೋಟೋ?"

"ಇಲ್ಲ. ಅವರ ಮನಿಗಿ ಸತ್ತಾನಂತ ತಾರ್ ಬಂತು. ಅವರವ್ವ ಅತ್ಲು. ಆಟೇ. ಇವತ್ತ ಬಂದಂಗ ಜನಾ ಬಂದು ಅವನ ಮಾತ ಯಾರೂ ಆಡ್ಲಿಲ್ಲ."

ಸೀಮಾ ಫ್ಲೆಕ್ಸ್ ನೋಡಿದಳು, ಅಜ್ಜನನ್ನು ನೋಡಿದಳು. ಅಂಗಡಿಯೊಳಗೆ ಹೋಗಿ ಟೈರಿನ ಮೇಲೆ ನಂಬರ್ ಬರೆಯುವ ಬಿಳಿ ಪೇಂಟು ಮತ್ತು ಬ್ರಷ್ ತಂದಳು. ರಸ್ತೆ ದಾಟಿ ಬಿದಿರಿಗೆ ಏಣಿ ಒರಗಿಸಿದಳು. ಅಜ್ಜ ಎದ್ದು ಬಂದ. ಏಣಿಯ ಕಾಲು ಗಟ್ಟಿಯಾಗಿ ಹಿಡಿದುಕೊಂಡ.

ಅವಳು ಮೊದಲು 'ಅಂಬಣ್ಣ' ಎಂಬುದರ ಮೇಲೆ ಪೇಂಟ್ ಬಳಿದಳು. ಅದರ ಕೆಳಗೆ ಖಾಲಿ ಇದ್ದ ಕೆಂಪು ಜಾಗದಲ್ಲಿ ಬಿಳಿ ಅಕ್ಷರಗಳಲ್ಲಿ 'ಸಿದ್ಧಾರೂಢ' ಎಂದು ಬರೆಯತೊಡಗಿದಳು. ಮೊದಲ ಅಕ್ಷರ ದೊಡ್ಡದಾಯಿತು. ಕೊನೆಯದಕ್ಕೆ ಜಾಗ ಸಾಲದೆ ಚಿಕ್ಕದಾಯಿತು.

"ಮನಿತನದ ಆಡನಾಂವ ಏನ್ ಬರೀಲಿ ಅಜ್ಜಾ?"

"ಹೆಸರ್ ಬರಿ. ಸಾಕು."

ಬರೆದು ಮುಗಿಸಿ ಸೀಮಾ ಕೆಳಗೆ ನೋಡಿದಳು. "ಆದ್ರ ಫೋಟೋ ನಿಂದೇ ಅದಲ್ಲ?"

"ಇರಲಿ," ಎಂದ ಅಜ್ಜ. "ಆ ವಯಸ್ಸಿಗಿ, ಆ ಡ್ರೆಸ್‌ನ್ಯಾಗ, ನಾವೆಲ್ಲಾ ಹಂಗೇ ಕಾಣ್ತಿದ್ದಿವಿ."

ಲೋಹಾರಾ ಬಸ್ಸು ಬಂದು ನಿಂತಿತು. ಕಿಟಕಿಗಳಲ್ಲಿ ಕುಳಿತವರು ತಲೆ ಎತ್ತಿ ಓದತೊಡಗಿದರು. ಸೀಮಾ ಇಳಿಯಲಿಲ್ಲ. ಹೆಸರಿಗೆ ಅಡ್ಡ ಆಗದಂತೆ, ಏಣಿಯ ಒಂದು ಪಕ್ಕಕ್ಕೆ ಸರಿದು ನಿಂತಳು.