ಭರತಿ, ನಾಲ್ಕು ಹತ್ತಕ್ಕೆ

ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, ದುಂಡಗಿನ ಮರಾಠಿ ಅಕ್ಷರಗಳಲ್ಲಿ ಬರೆದಿತ್ತು: ‘ಆಜ್ ಭರತಿ, ೪.೧೦.’

ಭಾನುವಾರ ಬೆಳಿಗ್ಗೆ ಬೇಲಾಪುರದ ಗೆಳತಿ ರತ್ನಾಬಾಯಿಯ ಜೊತೆ ಅಲ್ಲಿಯ ಜೆಟ್ಟಿಗೆ ಬಂದಾಗಲೇ ದ್ರೌಪದಿ ಅದನ್ನು ಓದಿದ್ದಳು. ಇಂದು ಭರತಿ, ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಾರೆ, ಸಿಕ್ಕ ಮೇಲೆ ಗೆಳತಿಗೆ ಹೇಳಿದರಾಯಿತು ಎಂದುಕೊಂಡು, ಅವಳ ಮನೆಯಲ್ಲಿ ಊಟವಾದ ಮೇಲೆ ಜಡೆ ಬಿಗಿಯಾಗಿ ಹೆಣೆದು, ಬಿ.ಎಸ್ಸಿ. ಸರ್ಟಿಫಿಕೇಟಿನ ಫೈಲನ್ನು ಎದೆಗೊತ್ತಿ ಹಿಡಿದು, ನಾಲ್ಕಕ್ಕೆ ಐದು ನಿಮಿಷವಿರುವಾಗ ತಗಡಿನ ಶೆಡ್ಡಿನ ಮುಂದೆ ನಿಂತಳು. ಎಂಬತ್ತಮೂರನೇ ಇಸವಿ. ವಿಜಾಪುರದಿಂದ ಡೊಂಬಿವಲಿಯ ಅಣ್ಣನ ಮನೆಗೆ ಬಂದು ಮೂರು ತಿಂಗಳಾಗಿತ್ತು. ಫೈಲಿಲ್ಲದೆ ಹೊರಗೆ ಹೋಗುವುದನ್ನೇ ಅವಳು ಬಿಟ್ಟಿದ್ದಳು.

ಒಳಗೆ ಒಬ್ಬ ತರುಣ ಗ್ರಾಫ್ ಕಾಗದದ ಮೇಲೆ ಬಾಗಿ ಕುಳಿತಿದ್ದ.

“ಭರತೀಸಾಠೀ ಆಲೇ,” ಎಂದಳು, ಭರತಿಗೆ ಬಂದಿದ್ದೇನೆಂದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮರಾಠಿಯಲ್ಲಿ.

ಫೈಲಿನ ಮೇಲಿದ್ದ ಕನ್ನಡ ಅಕ್ಷರ ನೋಡಿ ಅವನು ಕನ್ನಡದಲ್ಲೇ ಹೇಳಿದ: “ಕೂತ್ಕೊಳ್ಳಿ. ಇನ್ನೂ ಹದಿನೈದು ನಿಮಿಷ ಉಂಟು.”

“ಎಷ್ಟ್ ಮಂದೀನ ತಗೋತಾರ್ರಿ?”

“ಯಾರು?”

“ನಿಮ್ಮ ಆಫೀಸಿನಾವ್ರು. ಭರತಿ ಅಂತ ಬರ್ದೀರಲ್ರಿ.”

ಅವನು ಪೆನ್ಸಿಲ್ ಕಚ್ಚಿ ನಗು ತಡೆದ. ಕಿವಿಗಳು ಮಾತ್ರ ಕೆಂಪಾದವು. “ಅಲ್ಲ ಮಾರಾಯ್ರೆ, ಇಲ್ಲಿ ಭರತಿ ಅಂದ್ರೆ ಸಮುದ್ರದ ಉಬ್ಬರ. ನಾಲ್ಕು ಹತ್ತಕ್ಕೆ ನೀರು ಪೂರ್ತಿ ತುಂಬ್ತದೆ. ದೋಣಿಯವರಿಗೆ ಗೊತ್ತಾಗ್ಲಿ ಅಂತ ಬರೆಯೋದು.”

ದ್ರೌಪದಿ ಫೈಲಿನಿಂದ ಮುಖ ಮುಚ್ಚಿಕೊಂಡಳು.

“ಹೇಗೂ ಬಂದಿದ್ದೀರಿ, ನೋಡಿಯೇ ಹೋಗಿ. ಅರ್ಜಿ ಎಂತದೂ ಬೇಡ.”

ಅವನ ಹೆಸರು ಲೋಕನಾಥ, ಊರು ಮೂಲ್ಕಿ. ಸಮುದ್ರದ ನೀರು ಒಳನುಗ್ಗುವ ಖಾಡಿಯಲ್ಲಿ ನಿಲ್ಲಿಸಿದ ಅಳತೆಯ ಕಂಬ ನೋಡಿ, ಅರ್ಧ ಗಂಟೆಗೊಮ್ಮೆ, ಜೊತೆಗೆ ಉಬ್ಬರ ತುಂಬಿದ ಹೊತ್ತಿಗೆ ಸರಿಯಾಗಿ, ನೀರಿನ ಮಟ್ಟ ಗುರುತಿಸುವುದು ಅವನ ಕೆಲಸ. ಮೆಟ್ಟಿಲುಗಳು ಒಂದೊಂದಾಗಿ ಮುಳುಗುವುದನ್ನು ಇಬ್ಬರೂ ನಿಂತು ನೋಡಿದರು. ನಾಲ್ಕು ಹತ್ತಕ್ಕೆ ನೀರು ಏನೋ ನೆನಪಾದಂತೆ ನಿಂತಿತು.

ರಾತ್ರಿ ರತ್ನಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಏ ಹುಚ್ಚಿ, ನೀರಿಗೆ ಯಾರರ ಅರ್ಜಿ ಕೊಡ್ತಾರೇನ? ಹೋಗ್ಲಿ, ಇಂಟರ್‌ವ್ಯೂ ಹೆಂಗಾತು?”

“ಕಿವಿ ಭಾಳ ಕೆಂಪಿದ್ವು.”

“ಯಾರ್ವು?” ಎಂದು ಕೇಳಿ ರತ್ನಾಬಾಯಿ ಮತ್ತೆ ನಕ್ಕಳು. “ಮುಂದಿನ ಐತಾರಾನೂ ಬಾ. ನಾ ಏನೂ ಅನ್ನಂಗಿಲ್ಲ.”

ಆದರೆ ದ್ರೌಪದಿಗೆ ಉಳಿದಿದ್ದವೇ ಎರಡು ಭಾನುವಾರ. ತಿಂಗಳೊಳಗೆ ಕೆಲಸ ಸಿಗದಿದ್ದರೆ ವಿಜಾಪುರಕ್ಕೆ ವಾಪಸ್ಸು ಎಂದು ಅಣ್ಣ ಹೇಳಿಯಾಗಿತ್ತು. ಠಾಣೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಪುಂಡರೀಕಾಕ್ಷ ಅವಳ ಕಸೂತಿ ನೋಡಿ ಮೆಚ್ಚಿದ್ದರು. ಆದರೆ, “ಗೋಪುರ, ಗಿಳಿ, ತುಳಸಿಕಟ್ಟೆ ಎಲ್ಲರೂ ತರ್ತಾರಮ್ಮ. ಯಾರೂ ತರದ ಒಂದು ಅಂಚು ತಾ. ವಿನ್ಯಾಸದ ಕೆಲಸ ನಿನಗೇ,” ಎಂದಿದ್ದರು. ಅಂದಿನಿಂದ ಅವಳ ಬಟ್ಟೆ ಖಾಲಿಯಾಗಿಯೇ ಉಳಿದಿತ್ತು.

ಮರುವಾರ ಅದೇ ಹೊತ್ತಿಗೆ ನೀರು ದೂರ ಸರಿದಿತ್ತು. ಕೆಸರು ಮೈಚಾಚಿ ಹೊಳೆಯುತ್ತಿತ್ತು. ಅವಳು ಮೆಟ್ಟಿಲ ಮೇಲೆ ಕೂತು, ಕೈ ಸುಮ್ಮನಿರದೆ, ಹಳೆಯ ಗೋಪುರವನ್ನೇ ಹೊಲಿಯುತ್ತಿದ್ದಳು. ಲೋಕನಾಥ ಒಂದು ಮೆಟ್ಟಿಲು ಬಿಟ್ಟು ಕುಳಿತ.

“ತಿರುಗಿಸಿ ನೋಡಬಹುದಾ?”

“ನೋಡ್ರಿ. ಕಸೂತಿ ತಿಳಿದಾವ್ರು ಹಿಂದಿನ ಮಗ್ಗಲಾನ ಮೊದ್ಲ ನೋಡ್ತಾರ.”

ಎರಡೂ ಕಡೆ ಒಂದೇ ಗೋಪುರ. ಅವನು ಹುಬ್ಬು ಗಂಟಿಕ್ಕಿ ಹುಡುಕಿದ. “ದಾರದ ಗಂಟು ಎಲ್ಲಿ?”

“ಗಂಟ ಹಾಕಂಗಿಲ್ರಿ. ಹೋಗುವಾಗ ಒಂದ್ ಬಿಟ್ಟ ಒಂದ್ ಹೊಲಿಗಿ. ಆಮ್ಯಾಲ ಅದ ದಾರೀಲೆ ಹೊಳ್ಳಿ ಬಂದು, ಬಿಟ್ಟ ಜಾಗಾ ತುಂಬೂದು. ಗವಂತಿ ಅಂತಾರ ಇದಕ್ಕ.”

“ಓ. ಹೋಗುವಾಗ ಇಳಿತ, ಬರುವಾಗ ಭರತಿ.”

ಸೂಜಿ ನಿಂತಿತು. ಅವಳು ಅವನನ್ನು ನೋಡಿದಳು, ಆಮೇಲೆ ಕೆಸರನ್ನು, ಆಮೇಲೆ ಅವನ ತೊಡೆಯ ಮೇಲಿದ್ದ ಗ್ರಾಫ್ ಕಾಗದವನ್ನು. ಅಲೆಗಳ ಸಾಲೊಂದು ಹುಣ್ಣಿಮೆಯ ಕಡೆಗೆ ಎತ್ತರವಾಗುತ್ತ, ಅಷ್ಟಮಿಯ ಕಡೆಗೆ ಗಿಡ್ಡವಾಗುತ್ತ ಹೋಗಿತ್ತು. ಪುಟ್ಟ ಪುಟ್ಟ ಚೌಕಗಳು, ಎಣಿಸಿದ ಎಳೆಗಳ ಹಾಗೆಯೇ.

“ಆ ಕಾಗದ ನನಗ ಕೊಡ್ತೀರೇನ್ರಿ?”

“ಇದು ಸರ್ಕಾರದ್ದು.” ಅವಳ ಮುಖ ಬಾಡಿದ್ದು ಕಂಡು ಅವಸರದಿಂದ ಸೇರಿಸಿದ: “ನಕಲು ಮಾಡಿ ಕೊಡ್ತೇನೆ. ಹದಿನೈದು ದಿನದ್ದು.”

ಶೆಡ್ಡಿನೊಳಗೆ ಅವನು ಚುಕ್ಕೆ ಇಡುತ್ತ ಹೋದ, ಅವಳು ಅಂಕಿ ಓದುತ್ತ ಹೋದಳು. ಒಂದು ಕಡೆ ಅವಳ ಬೆರಳಿಗೆ ಒಂದೇ ಚೌಕದಷ್ಟು ದೂರದಲ್ಲಿ ಅವನ ಬೆರಳು ನಿಂತಿತು. ಪೆನ್ಸಿಲ್ಲಿನ ಪುಡಿ ಮೆತ್ತಿದ ಬೆರಳು. ಇಬ್ಬರೂ ಕೈ ಹಿಂದೆಗೆಯಲಿಲ್ಲ. ಮುಂದಿನ ಅಂಕಿಯನ್ನು ಅವಳು ತಪ್ಪು ಓದಿದಳು. ಅವನು ತಿದ್ದಿದ, ಮುಖ ನೋಡದೆ.

ಹೊರಡುವಾಗ ಅವಳು ಹೇಳಿದಳು: “ಇದು ಆಗ್ಲಿಲ್ಲಂದ್ರ ವಿಜಾಪುರಕ್ಕ ಹೋಗ್ತೀನ್ರಿ. ಬರೂ ಐತಾರ ಹೇಳಾಕರ ಬರ್ತೀನಿ.”

ಅವನು ತಲೆಯಾಡಿಸಿದ.

ಐದು ದಿನ ಅವಳು ಅಣ್ಣನ ಮನೆಯ ಕಿಟಕಿಯ ಬಳಿ ಕೂತು, ಒಂದು ಚೌಕಕ್ಕೆ ನಾಲ್ಕು ಎಳೆ ಎಣಿಸಿ ಹೊಲಿದಳು. ಶನಿವಾರ ಪುಂಡರೀಕಾಕ್ಷ ಬಟ್ಟೆಯನ್ನು ಮೊದಲು ತಿರುಗಿಸಿ ನೋಡಿದರು, ಆಮೇಲೆ ನೇರ ಮಾಡಿದರು.

“ಇದೇನಮ್ಮ, ಬೆಟ್ಟವಾ?”

“ಹದಿನೈದು ದಿನದ ಸಮುದ್ರ ಐತ್ರಿ.”

ಅವರು ಬಟ್ಟೆಯನ್ನು ಮಡಚಿ ಗಲ್ಲಾದ ಪಕ್ಕ ಇಟ್ಟುಕೊಂಡರು. “ಒಂದನೇ ತಾರೀಖಿನಿಂದ ಬಾ,” ಎಂದರು.

ಭಾನುವಾರ ಹಲಗೆಯ ಮೇಲೆ ‘ಆಜ್ ಭರತಿ, ೩.೩೫’ ಎಂದಿತ್ತು. ದ್ರೌಪದಿ ಶೆಡ್ಡಿನ ಬಾಗಿಲಲ್ಲಿ ನಿಂತಾಗ ಲೋಕನಾಥ ಎದ್ದು ನಿಂತ. ಅವಳ ಕೈಯಲ್ಲಿ ಇಂದು ಫೈಲಿಲ್ಲದ್ದನ್ನು ನೋಡಿ ಅವನ ಮುಖ ಸಣ್ಣದಾಯಿತು.

“ಊರಿಗೆ ಹೊರಟ್ರಾ?”

ಅವಳು ಒಂದು ಕರವಸ್ತ್ರ ಕೊಟ್ಟಳು. ಅಂಚಿನಲ್ಲಿ ನೀಲಿ ಅಲೆಗಳು. ಅವನು ಕಲಿತವನಂತೆ ಮೊದಲು ಹಿಂದೆ ತಿರುಗಿಸಿದ. ಹೊಲಿಗೆಗಳ ನಡುವೆ ಉದ್ದಕ್ಕೂ ಖಾಲಿ. ಕೊನೆಯಲ್ಲಿ ಸೂಜಿ ಹಾಗೇ ತೂಗುತ್ತಿತ್ತು.

“ಇದು ಅರ್ಧವೇ ಆಗಿದೆ.”

“ಹೋಗೂದಷ್ಟ ಹೊಲ್ದೀನ್ರಿ. ಹೊಳ್ಳಿ ಬರೂದು ಹೊಲೀಬೇಕೋ ಬ್ಯಾಡೋ, ನೀವ ಹೇಳ್ಬೇಕು.”

ಲೋಕನಾಥ ಕರವಸ್ತ್ರವನ್ನು ಅವಳ ಕೈಗೇ ಮರಳಿಸಿದ. ಆಮೇಲೆ ಸೀಮೆಸುಣ್ಣ ಎತ್ತಿಕೊಂಡು ಹೊರಗೆ ಹೋಗಿ, ಹಲಗೆಯ ಮುಂದೆ ಬಗ್ಗಿದ. ಅವನು ಸರಿದಾಗ ಸಮಯದ ಕೆಳಗೆ ಕನ್ನಡದಲ್ಲಿತ್ತು: ‘ಮನೆಯಲ್ಲಿ ಜಾಗ ಒಂದೇ. ಖಾಲಿ ಉಂಟು.’

ಅವನ ಕಿವಿಗಳು ಮೊದಲ ದಿನಕ್ಕಿಂತ ಕೆಂಪಾಗಿದ್ದವು.

“ಸರ್ಟಿಫಿಕೇಟು ತರಬೇಕೇನ್ರಿ?”

“ಬೇಡ. ನೀವು ಬಂದ್ರೆ ಸಾಕು.”

“ಠಾಣೇದಾಗ ಕೆಲ್ಸ ಸಿಕ್ಕೈತ್ರಿ. ನಾ ಎಲ್ಲಿಗೂ ಹೊಂಟಿಲ್ಲ.”

“ಮೊದಲೇ ಹೇಳಬಾರದಿತ್ತಾ ಮಾರಾಯ್ರೆ!”

“ಹೇಳಿದ್ರ ನೀವು ಹಲಗಿ ಮ್ಯಾಲ ಬರೀತಿದ್ರೇನು?”

ಮೂರು ಮೂವತ್ತೈದು ದಾಟಿ ಎರಡು ನಿಮಿಷವಾದ ಮೇಲೆ ಅವನಿಗೆ ಕಂಬದ ನೆನಪಾಯಿತು. ಓಡಿ ಹೋಗಿ ನೋಡಿ ಬಂದು, ಚುಕ್ಕೆಯ ಪಕ್ಕದಲ್ಲಿ ‘ಎರಡು ನಿಮಿಷ ತಡ’ ಎಂದು ಪ್ರಾಮಾಣಿಕವಾಗಿ ಬರೆದ. ಅವಳು ಆಗಲೇ ಮೇಲಿನ ಮೆಟ್ಟಿಲಲ್ಲಿ ಕೂತು, ಬಂದ ದಾರಿಯಲ್ಲೇ ಹೊಲಿಯುತ್ತಿದ್ದಳು. ಈ ಸಲ ಅವನು ನಡುವೆ ಮೆಟ್ಟಿಲು ಬಿಡದೆ ಕುಳಿತ.

“ಕೊನೆಗೆ ಒಂದಾದರೂ ಗಂಟು ಹಾಕಬಾರದಾ?” ಎಂದು ಕೇಳಿದ.

ದ್ರೌಪದಿ ತಲೆ ಎತ್ತದೆ ನಕ್ಕಳು. “ಅದನ್ನ ನಮ್ಮ ಅಣ್ಣನ ಕೇಳಿ, ನೀವ ಹಾಕ್ರಿ.”