ಹದಿನೇಳನೇ ನಂಬರಿನ ಕಾಫಿ

ನನ್ನ ವಿಡಿಯೋ ನಲವತ್ತು ಸಾವಿರ ವ್ಯೂಸ್ ದಾಟಿದ ದಿನವೇ ಲೋಹಿತ್ ನನ್ನನ್ನು ‘ನೀವು’ ಎಂದ.

“ನೀವು ಇಲ್ಲಿಗೆ ಬರೋದು ಬೇಡ ಪೂಜಿತಾ. ಮ್ಯಾನೇಜರ್ ನೋಡಿದ್ರೆ ಇನ್ನೂ ಕಷ್ಟ.”

ಕುಶಾಲನಗರದಲ್ಲಿ ಅವನು ಕೆಲಸ ಮಾಡುವ, ಕಾಫಿಬೀಜ ಹಸನುಮಾಡುವ ಕ್ಯೂರಿಂಗ್ ವರ್ಕ್ಸ್ ಗೇಟಿನಲ್ಲಿ ನಿಂತಿದ್ದೆವು. ಡಿಗ್ರಿಯ ಮೂರು ವರ್ಷವೂ ನನ್ನ ಟಿಫಿನ್ ಬಾಕ್ಸಿನ ಕಡುಬಿಗೆ ಕೈ ಹಾಕಿದವನು ಈಗ ನನ್ನ ಚಪ್ಪಲಿ ನೋಡುತ್ತಾ ಮಾತಾಡುತ್ತಿದ್ದ. ಕೋಪ ಬಂದರೆ ಅವನ ಎಡಗಿವಿ ಕೆಂಪಾಗುತ್ತದೆ. ಅಂಥ ಹೊತ್ತಿನಲ್ಲೂ ನಾನು ಆ ಕಿವಿಯನ್ನೇ ನೋಡುತ್ತಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

“ಏನಾಯ್ತು ಹೇಳೋ.”

“ವಿಡಿಯೋ ನಿಲ್ಸಿ ನೋಡಿ. ಇಪ್ಪತ್ತನೇ ಸೆಕೆಂಡು.”

ನೋಡಿದೆ. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಮತ್ತೆ ನೋಡಿದೆ.

ಎಂ.ಎಸ್ಸಿ. ಮುಗಿಸಿ ಎಂಟು ತಿಂಗಳಾಗಿತ್ತು. ಕಾಫಿಯ ರುಚಿ ನೋಡುವ ಕೆಲಸವೇ ಬೇಕೆಂದು ನನ್ನ ಹಟ. ರೆಸ್ಯೂಮೆ ಯಾರೂ ಓದುವುದಿಲ್ಲ, ಮುಖ ತೋರಿಸಬೇಕು ಎಂದು ಎಲ್ಲರೂ ಹೇಳಿದ್ದಕ್ಕೆ ಲಿಂಕ್ಡ್‌ಇನ್, ಇನ್‌ಸ್ಟಾ ಎರಡರಲ್ಲೂ ದಿನಕ್ಕೊಂದು ಪೋಸ್ಟ್ ಹಾಕುತ್ತಿದ್ದೆ. ಹಾಕಿದ ಮೇಲೆ ಐದು ನಿಮಿಷಕ್ಕೊಮ್ಮೆ ಫೋನ್ ನೋಡದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಮನೆಯಲ್ಲಿ ರುಚಿ ನೋಡುವವರ ಹಾಗೆ ಚಮಚದಿಂದ ಸೊರ್ರೆಂದು ಕಾಫಿ ಹೀರುವ ಅಭ್ಯಾಸ ಮಾಡಿದರೆ ಅಜ್ಜಿ, “ಎಂತ ಗೂಡೆ ಇದ್, ಎಮ್ಮೆ ಕಲಗಚ್ಚು ಕುಡ್ದಂಗೆ!” ಎನ್ನುತ್ತಿದ್ದರು; ನಮ್ಮ ಅರೆಭಾಷೆಯಲ್ಲಿ ಗೂಡೆ ಎಂದರೆ ಹುಡುಗಿ. ಕೊನೆಗೆ ಲೋಹಿತನನ್ನು ಕಾಡಿ ಬೇಡಿ, ಒಂದು ಭಾನುವಾರ ಅವನು ಕಾಫಿಯ ರುಚಿ ನೋಡುವ ಲ್ಯಾಬಿನಲ್ಲೇ ಶೂಟ್ ಮಾಡಿದೆ.

ಅಲ್ಲಿ ಕಪ್ಪುಗಳ ಮುಂದೆ ಬರೀ ನಂಬರ್ ಇರುತ್ತದೆ. ಯಾವುದು ಯಾರ ತೋಟದ ಕಾಫಿ ಎಂಬ ಪಟ್ಟಿ ಡ್ರಾಯರಿನೊಳಗೆ. ಹೆಸರು ನೋಡಿ ನಾಲಿಗೆ ಮಾತು ಬದಲಿಸಬಾರದಲ್ಲ. ಲೋಹಿತ್ ಬಿಸಿನೀರು ತರಲು ಹೋದಾಗ, ಹಿಂದೆ ನಾಲ್ಕು ಹಾಳೆಗಳಿದ್ದರೆ ಚೆನ್ನಾಗಿ ಕಾಣುತ್ತದೆಂದು ಆ ಪಟ್ಟಿಯನ್ನು ತೆಗೆದು ಗೋಡೆಗೆ ಒರಗಿಸಿದವಳು ನಾನೇ. ಹದಿನೇಳನೇ ನಂಬರಿನ ಕಾಫಿ ಹೀರಿ ಮುಖ ಕಿವುಚಿ, “ಒದ್ದೆ ಗೋಣಿಚೀಲದ ವಾಸನೆ!” ಎಂದಿದ್ದೆ. ಜನ ನಕ್ಕು ಶೇರ್ ಮಾಡಿದ್ದು ಅದನ್ನೇ. ನನ್ನ ಭುಜದ ಹಿಂದೆ ಅಕ್ಷರಗಳು ಸ್ಪಷ್ಟವಾಗಿದ್ದವು: ೧೭, ಕುಶಾಲಪ್ಪ, ಬಾಳೆಲೆ ಗ್ರಾಮ.

“ಕುಶಾಲಪ್ಪನೋರು ಮ್ಯಾನೇಜರಿಗೆ ಫೋನ್ ಮಾಡಿ ಉಗಿದ್ರು. ಸೋಮವಾರ ನನ್ನನ್ನ ಕೆಲಸದಿಂದ ತೆಗೀತಾರೆ.”

“ಪಟ್ಟಿ ತೆಗೆದಿದ್ದು ನಾನು ಅಂತ ಹೇಳ್ಬೇಕಿತ್ತು!”

“ಗುರುವಾರ ಮೈಸೂರಿನ ಕಂಪನಿಯಲ್ಲಿ ಇಂಟರ್‌ವ್ಯೂ ಇದೆಯಲ್ವಾ ನಿಮಗೆ? ಹೇಳಿದ್ರೆ ಯಾರು ಕರೀತಾರೆ?”

ಅಷ್ಟು ಹೇಳಿ ಒಳಗೆ ಹೋದ.

ಮಡಿಕೇರಿ ಬಸ್ಸಿನಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಟೈಪ್ ಮಾಡಿದೆ, ಅಳಿಸಿದೆ. ಸುಂಟಿಕೊಪ್ಪದಲ್ಲಿ ಮತ್ತೆ ಟೈಪ್ ಮಾಡಿದೆ. ಬಸ್ಸಿಳಿಯುವ ಮೊದಲು ವಿಡಿಯೋ ತೆಗೆದುಹಾಕಿ, ಕೆಲಸ ಕೊಡುವವರೆಲ್ಲ ನೋಡುವ ನನ್ನ ಅದೇ ಪೇಜಿನಲ್ಲಿ ಬರೆದೆ: “ಗುಟ್ಟಾಗಿರಬೇಕಿದ್ದ ಪಟ್ಟಿಯನ್ನು ಹೊರಗೆ ತೆಗೆದವಳು ನಾನು. ಲ್ಯಾಬಿನವರಿಗೆ ಗೊತ್ತಿರಲಿಲ್ಲ. ಬೆಳೆಗಾರರ ಕ್ಷಮೆ ಕೇಳುತ್ತೇನೆ.”

ಸಂಜೆಯೊಳಗೆ ಮೈಸೂರಿನ ಮೇಲ್ ಬಂತು. ಇಂಟರ್‌ವ್ಯೂ ರದ್ದು. ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಸೋಮವಾರ ಲೋಹಿತನ ಫೋನ್. “ಕುಶಾಲಪ್ಪನೋರು ಬಂದಿದ್ದಾರೆ. ನಿಮ್ಮನ್ನೂ ಕರೀತಿದ್ದಾರೆ.”

ಲ್ಯಾಬಿನಲ್ಲಿ ಮ್ಯಾನೇಜರ್ ಪಕ್ಕ ಕುಶಾಲಪ್ಪ ಗಂಟುಮುಖ ಹಾಕಿಕೊಂಡು ನಿಂತಿದ್ದರು. ಮೇಜಿನ ಮೇಲೆ ಮೂರು ಕಪ್ಪು, ಮೂರಕ್ಕೂ ಹೊಸ ನಂಬರ್. ತಮ್ಮ ಕಾಫಿಯನ್ನು ತಾವೇ ಗುರುತಿಸುವುದಾಗಿ ಅವರ ಪಂಥ. ಮೊದಲನೆಯದನ್ನು ಹೀರಿ ತಲೆಯಾಡಿಸಿದರು. ಎರಡನೆಯದಕ್ಕೆ ಮುಖ ಸಿಂಡರಿಸಿದರು.

“ಇದ್ಯಾರದ್ದು ಮಾರಾಯ? ಗೋಣಿ ನೆಕ್ಕಿದ ಹಾಗುಂಟು!”

ಲೋಹಿತ್ ಪಟ್ಟಿ ತೆಗೆದು ನೋಡಿದ. “ನಿಮ್ದೇ ಸರ್.”

ಕುಶಾಲಪ್ಪ ಅದೇ ಕಪ್ಪನ್ನು ಇನ್ನೊಮ್ಮೆ ಹೀರಿದರು. ಆಮೇಲೆ ಅವರೇ ಮೆಲ್ಲಗೆ, “ಚೀಲ ನೆಂದಿದೆ ಅಂತ ತೋಟದ ಲೆಕ್ಕ ನೋಡೋ ನಮ್ಮ ರೈಟರ್ ಹೇಳಿದ್ದ, ನಾನೇ ಕೇಳ್ಲಿಲ್ಲ,” ಎಂದರು. ನನ್ನ ಕಡೆ ತಿರುಗಿ, “ನಾಲಿಗೆ ಸರಿ ಉಂಟು ಮಗಳೇ. ಬಾಯಿ ಮಾತ್ರ ಸ್ವಲ್ಪ ದೊಡ್ಡದು,” ಎಂದು ಹೊರಟರು. ಮ್ಯಾನೇಜರ್ ಲೋಹಿತನನ್ನು ಕೆಲಸದಿಂದ ತೆಗೆಯದೆ, ಎಚ್ಚರಿಕೆಯಷ್ಟೇ ಕೊಟ್ಟು ಹೋದರು.

ಉಳಿದವರು ನಾವಿಬ್ಬರೇ.

“ಅವತ್ತು ನನ್ನ ಹೆಸರು ಹೇಳದೆ ಯಾಕೆ ಸುಮ್ಮನಿದ್ದೆ?” ಕೇಳಿದೆ.

ಅವನು ಅಂಕ ಬರೆಯುವ ಹಾಳೆಯೊಂದನ್ನು ನನ್ನತ್ತ ತಳ್ಳಿ, ತಾನೂ ಒಂದನ್ನು ತೆಗೆದುಕೊಂಡ. ರುಚಿ ನೋಡುವವರಲ್ಲಿ ಒಂದು ಕ್ರಮವಿದೆ. ಪಕ್ಕದವರ ಮುಖ ನೋಡದೆ ಬರೆಯಬೇಕು, ಕೊನೆಗೆ ಒಟ್ಟಿಗೆ ಹಾಳೆ ತಿರುಗಿಸಬೇಕು. ಬೆನ್ನಿಗೆ ಬೆನ್ನು ಮಾಡಿ ನಿಂತು, ಮನಸ್ಸಿನಲ್ಲಿದ್ದದ್ದನ್ನು ಬರೆದೆವು. ಫೋನ್ ಎರಡು ಸಲ ಗುಂಯ್‌ಗುಟ್ಟಿತು, ನೋಡಲಿಲ್ಲ.

ತಿರುಗಿಸಿದೆವು.

ನನ್ನದು: “ಎರಡು ವರ್ಷದಿಂದ ಇಷ್ಟ. ಎಲ್ಲೂ ಪೋಸ್ಟ್ ಮಾಡಿಲ್ಲ.”

ಅವನದು: “ಮೊದಲ ಕಡುಬಿನಿಂದ.”

ನಗು, ಅಳು ಎರಡೂ ಒಟ್ಟಿಗೆ ಬಂದವು. ಈಗ ಅವನ ಎರಡು ಕಿವಿಯೂ ಕೆಂಪು.

“ಕೆಲಸ ಇನ್ನೂ ಸಿಕ್ಕಿಲ್ಲ ಕಣೋ ನಂಗೆ.”

“ಹುಡುಕೋಣ.” ಅವನು ಎರಡೂ ಹಾಳೆಗಳನ್ನು ಮಡಚಿ ಡ್ರಾಯರಿನೊಳಗಿಟ್ಟು ಬೀಗ ಹಾಕಿದ. “ಈ ಸಲ ಹೊರಗೆ ತೆಗೀಬೇಡ ನೀನು. ಮೊದ್ಲು ನಿಮ್ಮಜ್ಜಿಗೆ ಹೇಳೋಣ.”