ಜೋಡಿ ಬಿಡಿಸಿ ಕೊಡೋದಿಲ್ಲ

"ಮುಟ್ಟಬೇಡಿ! ಅದು ನನ್ನದು!"

ಪೆಟ್ಟಿಗೆಯ ಒಂದು ತುದಿ ಅವಳ ಕೈಯಲ್ಲಿತ್ತು. ಇನ್ನೊಂದು ತುದಿ ಆ ಅಪರಿಚಿತನ ಕೈಯಲ್ಲಿ. ಒಳಗೆ ಎರಡು ಬಾತುಕೋಳಿ ಮರಿಗಳು ಕಿಚಿಕಿಚಿ ಅನ್ನುತ್ತಾ ಅತ್ತಿಂದಿತ್ತ ಜಾರುತ್ತಿದ್ದವು. ಅಂದು ಸಂತೆಗೆ ಬಂದ ಮರಿಗಳಲ್ಲಿ ಉಳಿದದ್ದು ಅವೆರಡೇ.

"ನಾನು ಮೊದಲೇ ಹೇಳಿಟ್ಟಿದ್ದೆ," ಅಂದ ಅವನು.

"ನಾನು ನಿಮಗಿಂತ ಮುಂಚೆ ಸಾಲಲ್ಲಿ ನಿಂತಿದ್ದೆ!"

"ಸರಿ ಬಿಡಿ, ನನಗೆ ಒಂದೇ ಸಾಕು. ಇನ್ನೊಂದು ನೀವಿಟ್ಟುಕೊಳ್ಳಿ."

ಅವಳಿಗೂ ಬೇಕಾಗಿದ್ದು ಒಂದೇ. ಜಗಳ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರಿ ಮಾರುವ ಹೆಂಗಸು ಪೆಟ್ಟಿಗೆ ಕಸಿದುಕೊಂಡು ಮುಚ್ಚಳ ಹಾಕಿಬಿಟ್ಟಳು.

"ಜೋಡಿ ಬಿಡಿಸಿ ಕೊಡೋದಿಲ್ಲ! ಒಂಟಿ ಮಾಡಿದ್ರೆ ಕೂಗಿ ಕೂಗಿ ಮೇವೇ ಬಿಡುತ್ತೆ. ಸಾಕೋದಾದ್ರೆ ಇಬ್ಬರೂ ಸೇರಿ ಸಾಕಿ."

"ಸೇರಿನಾ?" ಎರಡು ಬಾಯಿಂದಲೂ ಒಟ್ಟಿಗೆ ಬಂತು.

"ಯಾಕೆ, ನಾನೇನು ಮದುವೆ ಆಗಿ ಅಂದ್ನಾ? ಮರಿ ಸಾಕಿ ಅಂದೆ, ಅಷ್ಟೆ!"

ಸುತ್ತ ನಿಂತವರೆಲ್ಲ ನಕ್ಕರು. ಅವಳು ನಗಲಿಲ್ಲ. ಅವಳು ನಕ್ಕು ಬಹಳ ಕಾಲವಾಗಿತ್ತು.

ಅವನಿಗೊಂದು ಕನ್ನಡಕದ ಅಂಗಡಿ, ಅದರ ಮೇಲೊಂದು ಕೋಣೆ.

"ಕೋಣೇಲಿ ಬಾತುಕೋಳಿ ಸಾಕೋಕೆ ಹೊರಟಿದ್ರಾ? ಬುದ್ಧಿ ಇದೆಯಾ ನಿಮಗೆ?"

"ಇದ್ದಿದ್ರೆ ಬಾತುಕೋಳಿ ಕೇಳ್ತಿದ್ನಾ? ಒಬ್ಬನೇ ಕೂತು ಊಟ ಮಾಡಿ ಸಾಕಾಗಿತ್ತು…"

ಅವಳ ಮನೆಗೆ ಹಿತ್ತಲಿತ್ತು. ಹಾಗಾಗಿ ಮರಿಗಳು ಅಲ್ಲಿಗೆ ಬಂದವು. ಅಂಗಡಿ ತೆರೆಯುವ ಮುಂಚೆ ದಿನಾ ಅವನೂ ಬರುವುದೆಂದಾಯಿತು.

ಅವಳು ಸ್ಕೂಲಿನಲ್ಲಿ ಕೆಮಿಸ್ಟ್ರಿ ಟೀಚರ್. ಗಂಡ ತೀರಿಕೊಂಡ ಮೇಲೆ ತವರಿಗೆ ಹೋಗದೆ ಅತ್ತೆಯ ಜೊತೆಗೇ ಉಳಿದಿದ್ದಳು. ಅತ್ತೆ-ಸೊಸೆ ಒಬ್ಬರಿಗೊಬ್ಬರು ನೋವಾಗದ ಹಾಗೆ ಮಾತಾಡುತ್ತಿದ್ದರು. ಅದಕ್ಕೇ ಮಾತು ಕಡಿಮೆಯಾಗಿತ್ತು.

ಸಂಜೆ ಮನೆಗೆ ಬಂದರೆ ಅವಳು ಕೂರುತ್ತಿರಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುವಳು. ಹಾಕಿದ ಚಿಲಕವನ್ನೇ ಮತ್ತೆ ಎಳೆದು ನೋಡುವಳು. ಮನೆಯಲ್ಲಿ ಏನಾದರೊಂದು ಸದ್ದು ಬೇಕಿತ್ತು.

ಸದ್ದು ಬಂತು. ರಟ್ಟಿನ ಪೆಟ್ಟಿಗೆಯೊಳಗೆ ಹೊಟ್ಟು ಹರಡಿದರು, ಕಾವಿಗೆ ಮೇಲೊಂದು ಬಲ್ಬು ತೂಗುಬಿಟ್ಟರು. ಕುಡಿಯಲು ಕೊಕ್ಕು ಮುಳುಗುವಷ್ಟು ನೀರು, ಅಷ್ಟೇ. ಈಜಲು ಬಿಡಬಾರದು ಎಂದು ಮಾರಿದ ಹೆಂಗಸು ಇಬ್ಬರಿಗೂ ಒತ್ತಿ ಹೇಳಿದ್ದಳು. ತಾಯಿಯಿಲ್ಲದ ಮರಿಗಳ ತುಪ್ಪಳ ನೀರು ಹೀರಿಬಿಡುತ್ತದೆ, ಚಳಿ ಹಿಡಿದು ಸಾಯುತ್ತವೆ.

ಅಷ್ಟು ಚೂರು ನೀರಲ್ಲೇ ಅವು ಇಡೀ ಪೆಟ್ಟಿಗೆಯನ್ನು ಕೆಸರು ಮಾಡುತ್ತಿದ್ದವು. ಒಂದಕ್ಕೆ ಅತ್ತೆ ಗಲಾಟೆ ಎಂದು ಹೆಸರಿಟ್ಟರು, ಇನ್ನೊಂದಕ್ಕೆ ಗಡಿಬಿಡಿ.

"ಲೇ, ಕನ್ನಡಕ ಬಂದ, ಬಾಗಿಲು ತೆಗಿ!"

"ಅತ್ತೆ, ಮೆಲ್ಲಗೆ! ಕೇಳಿಸುತ್ತೆ!"

"ಕೇಳಿಸಲಿ ಬಿಡಿ," ಅನ್ನುವನು ಗೇಟಿನಿಂದಲೇ. "ನಾನು ಕನ್ನಡಕ ಹಾಕ್ಕೊಳ್ಳದೆ ಇದ್ರೂ ಹೆಸರಾದ್ರೂ ಇರಲಿ."

ಅವನು ತಂತಿ ಬಲೆ ತಂದು ಹಿತ್ತಲಲ್ಲಿ ಬೇಲಿ ಕಟ್ಟಿದ. ಗೂಟಗಳೆಲ್ಲ ಸೊಟ್ಟಗಾದವು. ಅವಳು ಕಿತ್ತು ಮತ್ತೆ ನೆಟ್ಟಳು. ಇನ್ನೂ ಸೊಟ್ಟಗಾದವು. ಅವತ್ತು ಅವಳಿಗೆ ನಗು ಬಂದುಬಿಟ್ಟಿತು. ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆ ಸದ್ದು ಥಟ್ಟನೆ ನಿಂತಿತು.

ಬೆಳಿಗ್ಗೆ ಅವನು ಬರುವ ಹೊತ್ತಿಗೆ ಅವಳು ಮತ್ತೊಮ್ಮೆ ತಲೆ ಬಾಚಿಕೊಳ್ಳುವಳು. 'ಇದೇನಾಯ್ತು ನನಗೆ… ಛೆ!' ಎಂದು ಬಾಚಣಿಗೆ ಕೆಳಗಿಡುವಳು. ಮತ್ತೆ ಎತ್ತಿಕೊಳ್ಳುವಳು.

ಒಂದು ಮಧ್ಯಾಹ್ನ ಸ್ಕೂಲು ಬೇಗ ಬಿಟ್ಟಿತ್ತು. ಅವಳು ನೇರ ಹಿತ್ತಲಿಗೆ ಬಂದಳು.

ಬಟ್ಟೆ ನೆನೆಸುವ ತೊಟ್ಟಿಯ ತುಂಬ ನೀರು. ಪಕ್ಕದಲ್ಲಿ ಕೂತ ಅವನ ಕೈಯ ಟವೆಲಿನಲ್ಲಿ ಗಡಿಬಿಡಿ. ಕುತ್ತಿಗೆ ಜೋತುಬಿದ್ದಿತ್ತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಯಾರು ನೀರು ತುಂಬಿದ್ದು?"

ಅವನು ಅತ್ತೆಯ ಮುಖ ನೋಡಿದ.

"ನಾನು," ಅಂದ ಅವನು.

"ನೀವಾ? ಗೊತ್ತಿದ್ದೂ ಗೊತ್ತಿದ್ದೂ…! ಈ ಮನೇಲಿ ಇನ್ನೊಂದು ಜೀವ ಹೋಗೋದನ್ನ ನಾನು ನೋಡಲಾರೆ. ಹೋಗಿ. ಇನ್ನು ಬರಬೇಡಿ!"

ಅವನು ಮರಿಯನ್ನು ಅವಳ ಕೈಗಿಟ್ಟ. "ಎದೆಗೊತ್ತಿ ಹಿಡ್ಕೊಳ್ಳಿ. ಬಲ್ಬು ತೀರಾ ಹತ್ತಿರ ಬೇಡ." ಅಷ್ಟು ಹೇಳಿ ಹೊರಟುಹೋದ.

ಸಂಜೆಯ ಹೊತ್ತಿಗೆ ಗಡಿಬಿಡಿ ಕಣ್ಣು ಬಿಟ್ಟಿತು. ಕೊಕ್ಕಿನಿಂದ ಅವಳ ಬೆರಳು ಕುಟುಕಿತು. ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ.

ಮರುದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ.

ಗೇಟು ಕಿರ್ರೆಂದರೆ ಎದ್ದು ನಿಲ್ಲುವಳು. ಪೋಸ್ಟಿನವನು. ಮತ್ತೆ ಕಿರ್ರೆಂದರೆ ಕಿಟಕಿಗೆ ಓಡುವಳು. ಗಾಳಿ. 'ಬರಬೇಡಿ ಅಂದವಳು ನಾನೇ ತಾನೇ! ಬಂದರೆ ಇನ್ನೂ ನಾಲ್ಕು ಬೈಯೋಣ ಅಂತ ಕಾಯ್ತಿದ್ದೀನಿ, ಅಷ್ಟೆ…' ಎಂದುಕೊಳ್ಳುವಳು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಸಮೀಕರಣ ಅರ್ಧಕ್ಕೆ ನಿಲ್ಲಿಸಿ ಕಿಟಕಿ ನೋಡುವಳು. ಅತ್ತೆಯೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಏನಾಯಿತು ಎಂದರೆ, "ಹಸಿವಿಲ್ಲ."

ಮರಿಗಳ ತುಪ್ಪಳ ಉದುರಿ ಗರಿ ಬಂತು. ಇನ್ನು ಈಜಬಹುದು. ಒಂದು ರಜೆಯ ದಿನ ಅವಳು ತೊಟ್ಟಿಗೆ ನೀರು ಬಿಟ್ಟಳು. ಎರಡೂ ದುಡುಮ್ಮನೆ ಬಿದ್ದು ತಲೆ ಮುಳುಗಿಸಿ ಎದ್ದವು. ಗರಿಗಳ ಮೇಲೆ ನೀರು ನಿಲ್ಲಲೇ ಇಲ್ಲ.

"ಅತ್ತೆ, ಬನ್ನಿ ನೋಡಿ!"

ಅತ್ತೆ ಬಂದರು. ತೊಟ್ಟಿಯನ್ನು ನೋಡಿದರು. ನೋಡುತ್ತಲೇ ಅತ್ತುಬಿಟ್ಟರು.

"ಅವತ್ತು ನೀರು ತುಂಬಿದ್ದು ನಾನು ಕಣೇ…"

"ಅತ್ತೆ?"

"ಬಾತುಕೋಳಿ ಅಲ್ವಾ, ನೀರು ಕಂಡರೆ ಖುಷಿಪಡುತ್ತೆ ಅಂದ್ಕೊಂಡೆ. ಅದು ತಲೆ ಇಳಿಬಿಟ್ಟಾಗ ಗಾಬರಿಯಾಗಿ ಅವನಿಗೆ ಫೋನ್ ಮಾಡಿದೆ. ಅಂಗಡಿ ಹಾಗೇ ಬಿಟ್ಟು ಓಡಿಬಂದ. ನೀನು ಕೇಳಿದಾಗ ನನಗೆ ಬಾಯೇ ಬರಲಿಲ್ಲ. ಅವನು ನನ್ನ ಮುಖ ನೋಡಿದ… 'ನಾನು' ಅಂದುಬಿಟ್ಟ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ತವರಿಗೆ ಹೊರಟುಬಿಟ್ಟರೆ? ಮಗನೇ ಇಲ್ಲ ಈಗ. ಯಾವ ಹಕ್ಕಿನಿಂದ ನಿನ್ನ ಇರು ಅನ್ನಲಿ?"

ಅವಳು ಒದ್ದೆ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಎಷ್ಟೋ ಕಾಲದಿಂದ ಇಬ್ಬರೂ ಅಳದೆ ಇಟ್ಟುಕೊಂಡದ್ದೆಲ್ಲ ಆಗ ಬಂತು.

"ನಾನು ಎಲ್ಲೂ ಹೋಗಲ್ಲ ಅತ್ತೆ."

"ಎಲ್ಲೂ ಹೋಗಬೇಡ. ಈಗೊಂದು ಸಲ ಮಾತ್ರ ಹೋಗು… ಅಯ್ಯೋ, ಚಪ್ಪಲಿ ಹಾಕ್ಕೊಂಡು ಹೋಗೇ!"

ಅಂಗಡಿಯಲ್ಲಿ ಅವನು ಒಬ್ಬರು ಮುದುಕರ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಅವರ ಮೂಗಿನ ಮೇಲೆ ಗಾಜು ಬದಲಿಸುವ ದೊಡ್ಡ ಚೌಕಟ್ಟು.

"ಈ ಸಾಲು ಕಾಣುತ್ತಾ ತಾತ?"

"ಸಾಲು ಕಾಣಲ್ಲಪ್ಪ. ಬಾಗಿಲಲ್ಲಿ ಒಂದು ಹುಡುಗಿ ಅಳ್ತಾ ನಿಂತಿರೋದು ಚೆನ್ನಾಗಿ ಕಾಣುತ್ತೆ."

ಅವನು ತಿರುಗಿದ. ಕೈಯ ಗಾಜು ಮೇಜಿನ ಮೇಲೆ ಉರುಳಿತು.

"ಗಡಿಬಿಡಿಗೆ ಏನಾದ್ರೂ…?"

"ಈಜ್ತಿದೆ." ಅವಳು ಉಸಿರು ತೆಗೆದುಕೊಂಡಳು. "ಸುಳ್ಳು ಯಾಕೆ ಹೇಳಿದ್ರಿ?"

ಅವನಿಗೆ ಅರ್ಥವಾಯಿತು. ತಲೆ ತಗ್ಗಿಸಿದ.

"ನನ್ನ ಬೈದ್ರೆ ಎದ್ದು ಇಲ್ಲಿಗೆ ಬರ್ತೀನಿ. ಅವರು ಎಲ್ಲಿಗೆ ಹೋಗಬೇಕು? ಅವರಿಗಿರೋದು ಅದೇ ಮನೆ, ನೀವೊಬ್ಬರೇ…"

"ನನ್ನ ಗತಿ ಏನು ಅಂತ ಯೋಚನೆ ಮಾಡಿದ್ರಾ?"

"ದಿನಾ. ಬರಬೇಡಿ ಅಂದಿದ್ರಿ."

"ಅಂದ ಮೇಲೂ ದಿನಾ ಗೇಟು ನೋಡ್ತಿದ್ದೆ! ಬೈಯೋಕೆ ಅಂದ್ಕೊಂಡಿದ್ದೆ. ಬೈಯೋಕಲ್ಲ…"

ತಾತ ಮೆಲ್ಲಗೆ ಗೋಡೆಯ ಕಡೆ ತಿರುಗಿ, ಕಾಣದ ಅಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದರು.

"ನನಗೆ ಭಯ," ಅಂದಳು ಅವಳು. "ಇಷ್ಟಪಟ್ಟವರು ನಾಳೆ ಇರ್ತಾರೋ ಇಲ್ವೋ ಅಂತ. ಆದ್ರೂ… ಇಷ್ಟಪಟ್ಟುಬಿಟ್ಟಿದ್ದೀನಿ."

ಅವನ ಕಣ್ಣು ತುಂಬಿತು.

"ಯಾವಾಗ್ಲೂ ಇರ್ತೀನಿ ಅಂತ ಮಾತು ಕೊಡೋಕೆ ಯಾರಿಗೂ ಆಗಲ್ಲ. ಒಂದು ಸುಳ್ಳಿಗೇ ಇಷ್ಟಾಯ್ತು, ಇನ್ನೊಂದು ಬೇಡ. ಇವತ್ತು ಸಂಜೆ ಬರ್ತೀನಿ. ನಾಳೆ ಬರ್ತೀನಿ. ಉಸಿರಿರೋ ತನಕ ಬರ್ತಾನೇ ಇರ್ತೀನಿ. ಸಾಕಾ?"

"ಸಾಲದು."

ಅವನು ಬೆಚ್ಚಿ ನೋಡಿದ.

"ಬಂದು ಹೋಗೋದು ಬೇಡ," ಅಂದಳು. "ಇರೋಕೆ ಬನ್ನಿ."

"ಅತ್ತೆನ ಒಂದು ಮಾತು ಕೇಳಬೇಡ್ವಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಕಳಿಸಿದ್ದೇ ಅವರು."